ಫಿಂಟನ್ ಮೇರಿಯ ಗುಲಾಬಿ ಕೊಡೆ

ಎಲ್ಲಕ್ಕೂ ಮೂಲ ಒಂದು ಗುಲಾಬಿ ಬಣ್ಣದ ಕೊಡೆ. ಅದು ಒಳ್ಳೆಯ ದಪ್ಪ ರಟ್ಟಿನ ಪೆಟ್ಟಿಗೆಯಲ್ಲಿ ಬಂದಿದ್ದರೆ ಈ ಕತೆಯೇ ಹುಟ್ಟುತ್ತಿರಲಿಲ್ಲ. ಬಂದದ್ದು ತೆಳ್ಳನೆಯ ಕಾಗದದಲ್ಲಿ, ಅದೂ ಅರ್ಧ ಹರಿದು. ತಂದವನು ಅಂಚೆಯ ಡಿನ್ನಿ. ಯೂರೋಪಿನ ಪಡುವಣ ಅಂಚಿನ ಕ್ಲೇರ್ ಜಿಲ್ಲೆಯ ನಮ್ಮ ಕಿಲ್‌ಮೋರನ್‌ನಲ್ಲಿ ಕಾಗದ ಕೈಗೆ ಬರುವ ಮೊದಲೇ ಒಕ್ಕಣೆ ಊರು ಸುತ್ತಿರುತ್ತದೆ.

"ಕುಮಾರಿ ಎಫ್. ಮೇರಿ ಟೂಹಿ ಅವರು ಇದ್ದಾರಾ?" ಎಂದು ಡಿನ್ನಿ ಬಾಗಿಲಲ್ಲಿ ನಿಂತು ಕೂಗಿದ.

ಎದ್ದು ಬಂದವನು ಇಪ್ಪತ್ತು ವರ್ಷದ, ಆರಡಿ ಎತ್ತರದ, ಎರಡು ದಿನದಿಂದ ಗಡ್ಡ ಬೋಳಿಸದ ಫಿಂಟನ್. ಕೊಡೆಯ ಜೊತೆಗಿದ್ದ ಕಾಗದವನ್ನು ಓದಿದ. "ಪ್ರಿಯ ಕುಮಾರಿ ಮೇರಿ, ಕಾರು ವಿಮೆಯ ನಮ್ಮ ಮಹಿಳಾ ಬಳಗಕ್ಕೆ ಸ್ವಾಗತ." ಅವನ ಮುಖ ಕೊಡೆಯ ಬಣ್ಣಕ್ಕೆ ತಿರುಗಿತು.

ಪಾಪ, ಅವನ ಸಂಕಟ ಸುಮ್ಮನೆ ಅಲ್ಲ. ನಮ್ಮ ಕಡೆ ಅವನ ವಯಸ್ಸಿನ ಹುಡುಗರು ಕಾರಿಗೆ ಕೊಡುವುದಕ್ಕಿಂತ ಹೆಚ್ಚು ದುಡ್ಡನ್ನು ಅದರ ವಿಮೆಗೆ ಸುರಿಯಬೇಕು. ಹುಡುಗಿಯರಿಗೆ ಅದರ ಅರ್ಧ. ಫಿಂಟನ್ ಮೂರು ವರ್ಷದಲ್ಲಿ ಒಂದು ಕೋಳಿಗೂ ಗಾಡಿ ತಾಗಿಸಿದವನಲ್ಲ. ಅವನ ಅವಳಿ ತಂಗಿ ಡಿಂಪ್ನಾ ಪಾದ್ರಿಗಳ ಗೇಟಿಗೆ ಎರಡು ಸಲ ಗುದ್ದಿ, ಎರಡು ಸಲವೂ ಅಪ್ಪನ ಕೈಲಿ ಬಣ್ಣ ಬಳಿಸಿ ಮುಚ್ಚಿಹಾಕಿದ್ದಳು. ಆದರೂ ಅವಳಿಗೆ ಅರ್ಧ ದರ! ಹೀಗಿರುವಾಗ ಕಳೆದ ತಿಂಗಳು ಕಂಪನಿ ಫಿಂಟನ್‌ಗೂ ಅರ್ಧ ದರದ ಕಾಗದ ಕಳಿಸಿತು. ಅವನು ಬಿಡುತ್ತಾನೆಯೇ? "ಗಾಡಿ ಓಡಿಸೋದು ಅಂದ್ರೆ ಫಿಂಟನ್ ಅಂತ ಕಂಪನಿಯವ್ರಿಗೂ ಗೊತ್ತಾಗಿದೆ" ಎಂದು ಊರೆಲ್ಲ ಹೇಳಿಕೊಂಡು ಬಂದ. ತಾಯಂದಿರು ತಮ್ಮ ಗಂಡುಮಕ್ಕಳಿಗೆ ಅವನನ್ನು ತೋರಿಸಿ ಬುದ್ಧಿ ಹೇಳಿದರು. ಆ ಹೆಸರಿನ ಮೇಲೇ ಡೈರಿಯವರು ಹೊಸ ವರ್ಷದಿಂದ ಮನೆಮನೆಗೆ ಹೋಗಿ ಹಾಲಿನ ಮಾದರಿ ತರುವ ಕೆಲಸ ಕೊಟ್ಟಿದ್ದರು. ಸ್ವಂತ ಕಾರು, ಸರಿಯಾದ ವಿಮೆ, ಎರಡೂ ಇರಲೇಬೇಕು.

ಮೇರಿ ಎಂಬುದು ಅವನದೇ ಹೆಸರು. ನಮ್ಮಲ್ಲಿ ಗಂಡುಮಗುವನ್ನೂ ಮಾತೆ ಮೇರಿಯ ಮಡಿಲಿಗೆ ಹಾಕಿ, ನಡುವಿಗೆ ಆ ಹೆಸರು ಸೇರಿಸುವುದುಂಟು. ಊರಲ್ಲಿ ನಾಲ್ವರು ಫಿಂಟನ್ ಟೂಹಿಗಳಿರುವುದರಿಂದ ಇವನು ಎಲ್ಲೆಡೆ ಎಫ್. ಮೇರಿ ಎಂದೇ ಬರೆಯುತ್ತಿದ್ದ.

"ನಾಚ್ಕೆ ಯಾಕೋ?" ಎಂದಳು ತಾಯಿ ಬ್ರೀಡ್. "ನಿಮ್ಮಜ್ಜನೂ ಮೇರಿನೇ. ಹರ್ಲಿಂಗ್ ಆಟದ ಫೈನಲ್‌ನಲ್ಲಿ ಕೋಲೇಟಿಗೆ ಮೂರು ಹಲ್ಲು ಉದುರಿಸ್ಕೊಂಡು ಕಪ್ ಎತ್ಕೊಂಡು ಬಂದ. ನಗೋಕೆ ಯಾರಿಗೆ ಧೈರ್ಯ ಇತ್ತು?"

"ಹೆಸರಿಗಲ್ಲಮ್ಮ ನಾಚ್ಕೆ. ನನ್ನ ಡ್ರೈವಿಂಗ್ ನೋಡಿ ಕೊಟ್ರು ಅಂದ್ಕೊಂಡಿದ್ದೆ. ನನ್ನನ್ನ ಹುಡುಗಿ ಅಂದ್ಕೊಂಡು ಕೊಟ್ಟಿದ್ದಾರೆ! ಈಗ್ಲೇ ಎನ್ನಿಸ್ ಪೇಟೆಯ ವಿಮೆ ಕಚೇರಿಗೆ ಹೋಗಿ ನಿಜ ಹೇಳ್ತೀನಿ."

ಡಿಂಪ್ನಾಳ ವಿಮೆ ಮುಗಿಯುವುದೂ ಅಂದೇ. ಅವಳೂ ಅವನ ಕಾರು ಹತ್ತಿದಳು. "ಬಾಯಿ ಮುಚ್ಕೊಂಡಿರೋ. ಇವತ್ತು ಡಿಸೆಂಬರ್ ಇಪ್ಪತ್ತೊಂದು, ಪ್ರಳಯ ಅಂತ ಪೇಪರ್‌ನಲ್ಲೇ ಬಂದಿದೆ. ಮುಳುಗೋ ದಿನ ಗಂಡೇನು, ಹೆಣ್ಣೇನು?"

ನಮ್ಮ ಹಳ್ಳಿಯ ರಸ್ತೆಯಲ್ಲಿ ಎದುರಾದವರೆಲ್ಲ ಸ್ಟೀರಿಂಗ್‌ನಿಂದ ಒಂದು ಬೆರಳೆತ್ತಿ ನಮಸ್ಕಾರ ಹೇಳಬೇಕು. ಎತ್ತದಿದ್ದರೆ ಮೂರು ತಲೆಮಾರು ನೆನಪಿಟ್ಟುಕೊಳ್ಳುತ್ತಾರೆ. ಅಂದು ಫಿಂಟನ್ ಬೆರಳೆತ್ತಿದ. ಎದುರಿನ ಟ್ರ್ಯಾಕ್ಟರಿನ ಪ್ಯಾಕಿ ಹೆಹಿರ್ ಬೆರಳೆತ್ತಲಿಲ್ಲ, ಟೊಪ್ಪಿಗೆ ತೆಗೆದು ತಲೆ ಬಾಗಿಸಿದ! ಹೆಂಗಸರಿಗೆ ಮಾಡುವ ಮರ್ಯಾದೆ ಅದು. ಡಿನ್ನಿ ಆಗಲೇ ತನ್ನ ಕೆಲಸ ಮುಗಿಸಿದ್ದ. ಸಾಲದ್ದಕ್ಕೆ ಪ್ಯಾಕಿ, ಜನ್ಮದಲ್ಲಿ ಯಾರಿಗೂ ದಾರಿ ಬಿಡದ ಮುದುಕ, ಟ್ರ್ಯಾಕ್ಟರನ್ನು ಫರ್ಲಾಂಗು ದೂರ ಹಿಂದಕ್ಕೆ ತೆಗೆದು, "ಹೋಗು ತಾಯಿ, ಹೆಣ್ಮಕ್ಕಳು ಮೊದ್ಲು" ಎಂದ.

ಅಂಗಡಿಯ ನೋನಿ ಕಿಟಕಿಯಿಂದ ಅರ್ಧ ಹೊರಗೆ ಬಂದಿದ್ದಳು. "ಮೇರಿಯಮ್ಮಾ, ಮೋಡ ಕಟ್ಟಿದೆ. ಕೊಡೆ ತಗೊಂಡ್ಯಾ?"

ಫಿಂಟನ್ ತಂಗಿಯ ಕಡೆ ತಿರುಗಿ ಹಲ್ಲು ಕಡಿದ. "ಇದೆಲ್ಲ ನಿಮ್ಮ ಹುಡುಗೀರ ಅರ್ಧ ದರದಿಂದ ಆಗಿದ್ದು."

"ನಾನೇನು ಕಾನೂನು ಬರೆದ್ನಾ?" ಡಿಂಪ್ನಾ ತಿರುಗಿಬಿದ್ದಳು. "ಪ್ರತಿ ಶನಿವಾರ ಡಾನ್ಸ್ ಮುಗಿಸ್ಕೊಂಡು ಚರಂಡಿಗೆ ಬೀಳೋರು ಯಾರು? ನಮ್ಮ ಹುಡುಗೀರಾ?"

"ನಾನು ಬಿದ್ದಿದ್ದೀನಾ? ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕೋದು ಯಾವ ನ್ಯಾಯ? ಗೇಟಿಗೆ ಗುದ್ದಿದೋಳು ನೀನು, ದಂಡ ಕಟ್ಟೋನು ನಾನು!"

"ಗೇಟು ಮುಂದಕ್ಕೆ ಬಂದಿತ್ತು ಕಣೋ."

ವಿಮೆ ಕಚೇರಿಯಲ್ಲಿ ಹನ್ನೆರಡು ಜನರ ಸಾಲು. ಅದರಲ್ಲಿ ನೋನಿಯ ಅಕ್ಕನೂ ಇದ್ದಳು. ಸರದಿ ಬಂದಾಗ ಫಿಂಟನ್ ಕೊಡೆಯನ್ನು ಮೇಜಿನ ಮೇಲಿಟ್ಟು, ಅಜ್ಜನನ್ನು ನೆನೆದು, ಎದೆ ಉಬ್ಬಿಸಿ ಹೇಳಿದ, "ಮೇಡಂ, ನಾನು ಗಂಡಸು!"

ಗುಮಾಸ್ತೆ ಕನ್ಸೆಪ್ಟಾ ಕನ್ನಡಕದ ಮೇಲಿಂದ ನೋಡಿದಳು. "ಇಲ್ಲ ಅಂದೋರು ಯಾರಪ್ಪಾ?"

"ನಿಮ್ಮ ಕಾಗದ!" ಎಂದು ಎಲ್ಲ ಹೇಳಿದ. "ಸುಳ್ಳಿನ ರಿಯಾಯಿತಿ ಟೂಹಿಗಳಿಗೆ ಬೇಡ."

ಸಾಲಿನಲ್ಲಿದ್ದವರು ಚಪ್ಪಾಳೆ ತಟ್ಟಿದರು. ಡಿಂಪ್ನಾಗೂ ಒಂದು ಗಳಿಗೆ ಅಣ್ಣನ ಮೇಲೆ ಹೆಮ್ಮೆಯೇ ಉಕ್ಕಿತು.

"ನಿನ್ನೆ ಬಂದಿದ್ರೆ ದರ ಎರಡರಷ್ಟು ಮಾಡ್ತಿದ್ದೆ," ಎಂದಳು ಕನ್ಸೆಪ್ಟಾ. "ಇವತ್ತಿಂದ ಯೂರೋಪಿನ ಕೋರ್ಟಿನ ಹೊಸ ಕಾನೂನು. ಹೊಸ ಕಾಗದದಲ್ಲಿ ಗಂಡೋ ಹೆಣ್ಣೋ ನೋಡೋ ಹಾಗಿಲ್ಲ. ಎಲ್ಲರಿಗೂ ಒಂದೇ ದರ."

ಫಿಂಟನ್ ಮೇಜು ಗುದ್ದಿದ. "ನೋಡಿದ್ಯಾ ಡಿಂಪ್ನಾ? ನ್ಯಾಯ ಗೆದ್ದಿತು! ಮೇಡಂ, ಆ ಕುಮಾರಿಯ ಕಾಗದ ಹರಿದು ಹಾಕಿ. ಹೊಸ ಕಾನೂನಲ್ಲಿ ಹೊಸದು ಬರೀರಿ."

"ತಪ್ಪು ಕುಮಾರಿ ಅಂತ ಬರೆದ ನಮ್ಮ ಕಚೇರಿ ಹುಡುಗೀದು. ಹಳೇದು ಅರ್ಧ ದರದಲ್ಲೇ ಮುಂದಿನ ನವೆಂಬರ್ ತನಕ ನಡಿಯುತ್ತೆ. ಯೋಚ್ನೆ ಮಾಡು."

ಡಿಂಪ್ನಾ ತೋಳು ಜಗ್ಗಿದಳು. ಕೇಳುವವನು ಯಾರು? "ಹರೀರಿ!" ಎಂದ.

ಕನ್ಸೆಪ್ಟಾ ಹರಿದಳು. ಹೊಸ ಕಾಗದ ಬಂತು. ಫಿಂಟನ್ ಮೊತ್ತ ನೋಡಿ, ತಿರುಗಿಸಿ ನೋಡಿ, ಮತ್ತೆ ನೋಡಿದ. "ಇದು... ಹುಡುಗರ ದರ ಅಲ್ವಾ? ಒಂದೇ ದರ ಅಂದ್ರಿ!"

"ಒಂದೇ. ಹುಡುಗೀರನ್ನ ಮೇಲಕ್ಕೆತ್ತಿದ್ದೀವಿ. ಹುಡುಗ್ರು ಇದ್ದಲ್ಲೇ ಇದ್ದಾರೆ."

ಡಿಂಪ್ನಾ ತನ್ನ ಕಾಗದ ಕೇಳುವ ಗೋಜಿಗೆ ಹೋಗದೆ ಅಣ್ಣನನ್ನೇ ದಿಟ್ಟಿಸಿದಳು. ಎರಡು ವಿಮೆ ಕಟ್ಟುವಷ್ಟು ಶಕ್ತಿ ಮನೆಯಲ್ಲಿರಲಿಲ್ಲ. ವಿಮೆಯಿಲ್ಲದೆ ಡೈರಿಯ ಕೆಲಸವಿಲ್ಲ. ಕೊನೆಗೆ ಕನ್ಸೆಪ್ಟಾಳೇ ದಾರಿ ತೋರಿಸಿದಳು. ಫಿಂಟನ್‌ನ ಒಂದೇ ಕಾರು, ಒಂದೇ ಕಾಗದ, ಇಬ್ಬರ ಹೆಸರು.

"ಅರ್ಧ ದುಡ್ಡು ನಂದು, ಅರ್ಧ ದಾರಿ ನಂದು," ಎಂದಳು ಡಿಂಪ್ನಾ, ಕೀಲಿಗೆ ಕೈಯೊಡ್ಡಿ. "ಮನೆ ಕಡೆಯ ಅರ್ಧ."

ನೋನಿಯ ಅಕ್ಕ ಫೋನು ಮಾಡಿ ಎಲ್ಲ ಹೇಳಿದ್ದಳೆಂದು ಕಾಣುತ್ತದೆ. ಊರ ಬಾಗಿಲಲ್ಲೇ ಪ್ಯಾಕಿ ಹೆಹಿರ್ ಎದುರಾದ. ಈ ಸಲ ಟ್ರ್ಯಾಕ್ಟರು ನಿಲ್ಲಿಸಿ, ಫಿಂಟನ್‌ನ ಕಣ್ಣಲ್ಲಿ ಕಣ್ಣಿಟ್ಟು, ನಿಧಾನವಾಗಿ ಒಂದು ಬೆರಳು ಎತ್ತಿದ. ದುಡ್ಡು ಹೋದರೇನು, ಮಾನ ಬಂತು! ಫಿಂಟನ್ ಪಕ್ಕದ ಸೀಟಿನಲ್ಲಿ ಬೆನ್ನು ನೆಟ್ಟಗೆ ಮಾಡಿ, ಅಜ್ಜನೂ ಎತ್ತಿರದಷ್ಟು ಗತ್ತಿನಿಂದ ತನ್ನ ಬೆರಳೆತ್ತಿದ.

ಪ್ಯಾಕಿ ಆಮೇಲೆ ಡಿಂಪ್ನಾಗೆ ಟೊಪ್ಪಿಗೆ ತೆಗೆದ. ಸತ್ಯವಂತನ ತಂಗಿಯಲ್ಲವೇ, ಅವಳಿಗೂ ಹೆಮ್ಮೆ. ಒಂದು ಬೆರಳು ಸಾಲದೆನಿಸಿ ಎರಡೂ ಕೈ ಎತ್ತಿ ಮುಗಿದಳು.

ಎಡಕ್ಕೆ ಪಾದ್ರಿಗಳ ಗೇಟಿತ್ತು.

ಫಾದರ್ ಲೂಬಿ ಓಡಿ ಬಂದು, ಮೂರನೇ ಸಲ ಮಲಗಿದ ಗೇಟನ್ನೂ ಇಬ್ಬರ ಮುಖವನ್ನೂ ನೋಡಿದರು. "ಈ ಸಲ ಬಣ್ಣ ಸಾಲೋದಿಲ್ಲ, ಹೊಸ ಗೇಟೇ ಬೇಕು. ಯಾರ ವಿಮೆ ಮೇಲೆ ಬರ್ಕೊಳ್ಳಲಿ?"

"ಇಬ್ಬರದೂ ಒಂದೇ, ಫಾದರ್," ಎಂದಳು ಡಿಂಪ್ನಾ. "ಇವತ್ತಿಂದ ಗಂಡು ಹೆಣ್ಣು ಭೇದ ಇಲ್ಲ."

ಮಳೆ ಶುರುವಾಯಿತು. ಒಂದು ಕೋಳಿಗೂ ಗಾಡಿ ತಾಗಿಸದ ಫಿಂಟನ್ ಮೇರಿ ಟೂಹಿ ಕೆಳಗಿಳಿದು, ತಲೆ ತಗ್ಗಿಸದೆ, ಗುಲಾಬಿ ಕೊಡೆ ಬಿಚ್ಚಿ ಪಾದ್ರಿಗಳ ತಲೆಯ ಮೇಲೆ ಹಿಡಿದ.