ನನ್ನ ಕೈಗುಣ ಮತ್ತು ಆರು ಗುಲಾಬಿ ಕಡ್ಡಿಗಳು

ನನ್ನ ಕೈಗುಣ ಸಾಮಾನ್ಯದ್ದಲ್ಲ! ಕುಂಡದಲ್ಲಿ ಮರೆತು ಚುಚ್ಚಿಟ್ಟ ಛತ್ರಿ ಎಲ್ಲಿ ಚಿಗುರಿಬಿಡುತ್ತದೋ ಎಂದು ಹೆದರಿ ಒಳಗೆ ತಂದಿಟ್ಟವನು ನಾನು. ಈ ಕೀರ್ತಿಯನ್ನು ನೆಂಟರಿಷ್ಟರಲ್ಲೆಲ್ಲ ಹಬ್ಬಿಸಿದವನೂ ನಾನೇ! ಹಾಗಾಗಿ ಅತ್ತೆಯವರು ಬಾಡಿಗೆ ಮನೆ ಖಾಲಿ ಮಾಡುವಾಗ, ಅಂಗಳದಲ್ಲಿ ಮೂವತ್ತು ವರ್ಷ ಸಾಕಿದ ಗುಲಾಬಿಯಿಂದ ಆರು ಕಡ್ಡಿ ಕತ್ತರಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ ನನ್ನ ಕೈಗೇ ಕೊಟ್ಟರು.

"ನಾಳೆ ಗಿಡ ಕಡಿದುಹಾಕ್ತಾರಂತೆ ಅಳಿಯಂದ್ರೇ. ಇನ್ನು ಉಳಿಯೋದು ಇಷ್ಟೇ."

"ಆರನ್ನ ಅರವತ್ತು ಮಾಡ್ತೀನಿ, ಬಿಡಿ ಅತ್ತೆ!"

ಕಡ್ಡಿಗಳನ್ನು ಕುಂಡದಲ್ಲಿ ನೆಟ್ಟೆ. ಮರುದಿನವೇ ತಲೆಗೆ ಹುಳು ಹೊಕ್ಕಿತು: ಬೇರು ಬಂದಿದೆಯೋ ಇಲ್ಲವೋ? ಒಂದನ್ನು ಮೆಲ್ಲಗೆ ಎಳೆದು ನೋಡಿದೆ. ಇಲ್ಲ. ಮಿಕ್ಕ ಐದಕ್ಕೆ ಅನ್ಯಾಯವಾಗಬಾರದಲ್ಲ! ಅವನ್ನೂ ಎಳೆದು, ಕನ್ನಡಕ ಏರಿಸಿ ತುದಿ ಪರೀಕ್ಷಿಸಿ, ಮತ್ತೆ ನೆಟ್ಟೆ. ಇದೇ ನಿತ್ಯದ ಕಾರ್ಯಕ್ರಮವಾಯಿತು. ಹತ್ತನೇ ದಿನಕ್ಕೆ ಮೂರು ಕಡ್ಡಿಗಳು ಕರ್ರಗಾಗಿ ವೀರಮರಣವನ್ನಪ್ಪಿದವು.

"ಏನ್ರೀ ಅದು, ದಿನಾ ಕಿತ್ತು ನೋಡೋದು?" ಹೆಂಡತಿ ಸಿಡುಕಿದಳು. "ಚಿಕ್ಕವರಿದ್ದಾಗ ನಿಮ್ಮನ್ನ ಯಾರಾದ್ರೂ ದಿನಾ ಬೆಳಿಗ್ಗೆ ತೊಟ್ಟಿಲಿಂದ ಎಳೆದು ಪಾದ ನೋಡಿದ್ರೆ ನೀವು ಬೆಳೀತಿದ್ರಾ?"

"ಇದಕ್ಕೆ ಮೇಲ್ವಿಚಾರಣೆ ಅಂತಾರೆ ಕಣೇ!"

"ಮುಂದಿನ ತಿಂಗಳ ಕೊನೆಗೆ ಅಮ್ಮ ಬರ್ತಾರೆ. ಗಿಡ ಎಲ್ಲಿ ಅಂದ್ರೆ ಆ ಕುಂಡದಲ್ಲಿ ನೀವೇ ನಿಂತ್ಕೊಳ್ಳಿ."

ಹೆದರಿಕೆಗೆ ಮೇಲ್ವಿಚಾರಣೆ ಬಿಗಿಯಾಯಿತು, ಇನ್ನೆರಡು ಹೋದವು. ಉಳಿದದ್ದು ಒಂದೇ ಒಂದು! ಅಷ್ಟರಲ್ಲಿ ಕಚೇರಿಯವರು ತರಬೇತಿಗೆಂದು ನನ್ನನ್ನು ಆರು ವಾರ ಪರವೂರಿಗೆ ಅಟ್ಟಿದರು. ಹೊರಡುವಾಗ ಕುಂಡದ ಮುಂದೆ ನಿಂತೆ. ಕಣ್ಣು ಮಂಜಾಯಿತು, ಕೈ ತಾನಾಗಿಯೇ ಮುಂದೆ ಹೋಯಿತು. ಹೆಂಡತಿ ಎರಡೂ ಕೈಗೆ ಒಂದೊಂದು ಚೀಲ ತುರುಕಿ ಗೇಟು ದಾಟಿಸಿದಳು.

ಹಿಂದಿರುಗಿದ ದಿನ ಬಾಗಿಲಲ್ಲಿ ಅತ್ತೆಯವರ ಚಪ್ಪಲಿ! ಕಳ್ಳಹೆಜ್ಜೆಯಲ್ಲಿ ಹಿತ್ತಿಲಿಗೆ ಹೋದರೆ, ಅವರು ಕುಂಡದ ಪಕ್ಕ ಕುಕ್ಕರಗಾಲಲ್ಲಿ ಕುಳಿತಿದ್ದಾರೆ. ಕಡ್ಡಿಯ ತುಂಬ ಕೆಂಪು ಚಿಗುರು! ಕುಂಡದ ತಳದ ತೂತಿನಿಂದ ಬಿಳಿ ಬೇರೊಂದು ಇಣುಕುತ್ತಿದೆ! ಹೋದ ಜೀವ ಬಂದಂತಾಯಿತು.

"ನನ್ನ ಗಿಡ ಉಳೀತು ಅಳಿಯಂದ್ರೇ," ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. "ಬೇರೆಯವರ ಕೈಲಿ ಇದು ಆಗ್ತಿರಲಿಲ್ಲ. ಅಂಥದ್ದೇನು ಮಾಡಿದ್ರಿ?"

ಹೆಂಡತಿ ಬಾಗಿಲಿಗೊರಗಿ ನನ್ನನ್ನೇ ನೋಡುತ್ತಿದ್ದಳು.

"ನಾನು ಊರಲ್ಲಿರಲಿಲ್ಲ, ಅತ್ತೆ," ಎಂದೆ.