ಜಪಾನದ ಹೊಳೆ ನಡುದಾರಿಯಲ್ಲಿ ನಿಂತದ್ದು

ನಾನು ಮೊದಲ ಸಲ ಎದ್ದು ಹೋದದ್ದು ಒಂದು ಗುರುವಾರ. ಭಾಲ್ಕಿಯ ಸಾಲಿಯಲ್ಲಿ ಐದನೇ ಇಯತ್ತೆ. ಮಾಸ್ತರರು ಪಾಠ ನಡುವೆ ನಿಲ್ಲಿಸಿ, ಆಫೀಸಿಗೆ ಹೋಗಿ ಚಾಕ್‌ಪೀಸ್ ತೊಗೊಂಡು ಬಾ ಅಂದರು. ಹೊರಗೆ ಬಂದೆ. ಅಷ್ಟರಲ್ಲಿ ಸ್ಟೇಷನ್ನಿನ ಕಡೆ ರೈಲು ಕೂಗಿತು. ಆ ಚಾಕ್‌ಪೀಸ್ ಇವತ್ತಿನವರೆಗೂ ತಂದು ಕೊಟ್ಟಿಲ್ಲ.

ಅಂದಿನಿಂದ ನಾನು ಹೋದಲ್ಲೆಲ್ಲ ಏನಾದರೊಂದು ಅರ್ಧಕ್ಕೇ ನಿಲ್ಲುತ್ತದೆ. ಯಾಕೆ ನಿಂತಿತು ಅಂತ ಮಂದಿ ನನ್ನನ್ನೇ ಕೇಳುತ್ತಾರೆ.

ಬೀಗದ ಕೈ

ಇಪ್ಪತ್ತು ವರ್ಷ ತಿರುಗಿ ಬೀದರಕ್ಕೆ ಬಂದಾಗ ಬರಗಾಲ. ಊರಿಗೆ ಊರೇ ಗಂಟು ಕಟ್ಟಿಕೊಂಡು ಹೈದರಾಬಾದಿನ ರೈಲು ಹತ್ತುತ್ತಿತ್ತು. ಇಳಿದವನು ನಾನೊಬ್ಬ. ಟಿಕೆಟ್ ನೋಡುವವನು, "ನಿದ್ದಿಗಣ್ಣಾಗ ತಪ್ಪಿ ಇಳಿದೇನಪ್ಪಾ?" ಅಂತ ಕೇಳಿದ.

ಒಂದು ಕೇಬಲ್ ಟಿವಿ ಆಫೀಸಿನಲ್ಲಿ ಕೆಲಸ ಸಿಕ್ಕಿತು. ಕಂಬ ಹತ್ತೋದು, ವೈರ್ ಎಳೆಯೋದು. ಮೈಲೂರಿನ ಒಂದು ಮನೆಯ ಮಾಳಿಗೆ ಮೇಲೆ ಮಾಲಕ ಕೋಣೆ ಕೊಡಿಸಿದ. ಕೆಲಸ ಇರುವ ತನಕ ಕೋಣೆ, ಅದು ಕರಾರು. ಕೆಳಗೆ ಇದ್ದವರು ರಿಟೈರ್ ಆದ ಮಾಸ್ತರರು, ಚಾಕ್‌ಪೀಸ್ ತರಲು ಕಳಿಸಿದ ಅದೇ ಮಾಸ್ತರರು. ನನಗೆ ಎದೆಯವರೆಗೆ ಗಡ್ಡ, ಅವರು ಗುರುತು ಹಿಡಿಯಲಿಲ್ಲ. ನಾನೂ ನೆನಪು ಮಾಡಿಕೊಡುವ ಗೋಜಿಗೆ ಹೋಗಲಿಲ್ಲ. ಜೀವನದಲ್ಲಿ ಮೊದಲ ಸಲ ನನ್ನ ಜೇಬಿನಲ್ಲಿ ಒಂದು ಬೀಗದ ಕೈ ಇತ್ತು. ದಿನಕ್ಕೆ ಹತ್ತು ಸಲ ಮುಟ್ಟಿ ನೋಡಿಕೊಳ್ಳುತ್ತಿದ್ದೆ.

ಆ ದಿನಗಳಲ್ಲಿ ಸಂಜೆ ಆರಕ್ಕೆ ಹಿಂದಿಯಲ್ಲಿ ಒಂದು ಜಪಾನಿ ಕಾರ್ಟೂನ್ ಧಾರಾವಾಹಿ ಬರುತ್ತಿತ್ತು. ಅದಕ್ಕೆ ಅನಿಮೆ ಅಂತಾರಂತೆ. ಯಾರೋ ಮಾಂತ್ರಿಕ ಒಂದು ಊರಿನ ಹೊಳೆಯನ್ನೇ ಕದ್ದೊಯ್ದಿರುತ್ತಾನೆ, ಒಬ್ಬ ಪೋರ ಅದನ್ನು ವಾಪಸ್ ತರಲು ಹೊರಟಿರುತ್ತಾನೆ. ವಾರಕ್ಕೊಮ್ಮೆ ನಳ ಬರುವ ಊರಿನಲ್ಲಿ ಇದನ್ನು ಹುಡುಗರಿಗಿಂತ ದೊಡ್ಡವರೇ ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಪೋರ ವರ್ಷಗಟ್ಟಲೆ ನಡೆದು ಹೊಳೆ ಬಚ್ಚಿಟ್ಟ ಗವಿಗೆ ಬಂದ, ಬಾಗಿಲಿಗೆ ಕೈ ಹಚ್ಚಿದ. ಅಷ್ಟೇ. ಮರುದಿನ ಆರಕ್ಕೆ ಮತ್ತೆ ಮೊದಲ ಕಂತು.

ಮಂದಿ ಆಫೀಸಿಗೆ ಬಂದು ಗದ್ದಲ ಹಾಕಿದರು. ಮಾಲಕ ನನ್ನನ್ನು ಒಳಗೆ ಕರೆದ. "ಏನರ ಒಂದು ಕಾರಣ ಹೇಳಿ ಸಮಾಧಾನ ಮಾಡು. ಮಂದಿ ಕನೆಕ್ಷನ್ ಬಿಟ್ರಂದ್ರ ನಾ ನಿನ್ನ ಬಿಡ್ತೇನಿ."

ಜೇಬು ಮುಟ್ಟಿ ನೋಡಿಕೊಂಡು ಹೊರಟೆ.

ನೌಬಾದದ ಖಾಲಾ

ನೌಬಾದದಲ್ಲಿ ಬಟ್ಟೆ ಹೊಲಿಯುವ ಒಬ್ಬ ಹೆಣ್ಣುಮಗಳಿದ್ದರು, ಓಣಿಗೆಲ್ಲ ಖಾಲಾ, ಅಂದರೆ ಚಿಕ್ಕಮ್ಮ. ಮಗ ಹೈದರಾಬಾದಿನಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿದ್ದ. ಅವರಿಗೆ ಯಾವ ಕಾರಣ ನಾಟೀತು ಅಂತ ಯೋಚಿಸಿ, ಆ ದೇಶದಲ್ಲೂ ಬರ ಬಿದ್ದದ, ಚಿತ್ರ ಬರೆಯುವವರೆಲ್ಲ ಊರು ಬಿಟ್ಟು ದುಡಿಯಲು ಹೋಗ್ಯಾರ ಅಂದೆ.

ಖಾಲಾ ಮಷೀನು ನಿಲ್ಲಿಸಿದರು. ಕಣ್ಣಲ್ಲಿ ನೀರು. ಇಂಥ ಮಂದಿಯ ಮೇಲೆ ಸಿಟ್ಟಾಗಿದ್ದೆನಲ್ಲ ಅಂತ ತೌಬಾ ತೌಬಾ ಅಂದು ಕಪಾಳ ಮುಟ್ಟಿಕೊಂಡರು. ನನಗೆ ಚಹಾ ಕುಡಿಸಿದರು. ನಾಲ್ಕು ದಿನದ ಮೇಲೆ ರಸ್ತೆಯಲ್ಲಿ ತಡೆದು ನಿಲ್ಲಿಸಿ ಹೇಳಿದರು:

"ಬೇಟಾ, ಮಗನ ಜೋಡಿ ಮಾತಾಡೇನಿ. ಅವರಿಗೆ ಹೈದರಾಬಾದಿಗೆ ಬರಾಕ ಹೇಳು. ಕೈಯಾಗ ಬ್ರಷ್ ಹಿಡಿಯೋ ಮಂದಿ, ಗ್ವಾಡಿಗೆ ಬಣ್ಣಾ ಹಚ್ಚೋದು ಎರಡು ದಿನದಾಗ ಕಲೀತಾರ."

ಭಾಲ್ಕಿಯ ಸಾಹುಕಾರ

ಭಾಲ್ಕಿಯಲ್ಲಿ ತೊಗರಿ ಕೊಂಡು ಮಾರುವ ಅಡತಿಯ ಸಾಹುಕಾರರೊಬ್ಬರು. ಅವರ ಮುಂದೆ ಬರದ ಮಾತು ನಡೆಯುವುದಿಲ್ಲ, ಬರ ಅವರಿಗೆ ಸುಗ್ಗಿ. ಹಾಗಾಗಿ, ಮುಂದಿನ ಕಂತೆಲ್ಲ ತಯಾರ್ ಅದಾವ್ರಿ, ರೇಟು ಏರ್ಲಿ ಅಂತ ಗೋದಾಮಿನಾಗ ಇಟ್ಕೊಂಡು ಕೂತಾರ ಅಂದೆ.

ಸಾಹುಕಾರರು ಗಾದಿಗೆ ಒರಗಿದ್ದವರು ನೆಟ್ಟಗೆ ಕೂತರು. ಅಷ್ಟು ದೂರದ ಮಂದಿಗೂ ಇಂಥ ಬುದ್ಧಿ ಇದೆಯೇ ಅಂತ ಹೊಗಳಿದ್ದೇ ಹೊಗಳಿದ್ದು. ಕೇಬಲ್ಲಿನ ವರ್ಷದ ಬಾಡಿಗೆ ಒಮ್ಮೆಲೇ ಕೊಟ್ಟು ಕಳಿಸಿದರು.

ಮುಂದಿನ ವಾರ ಸರಕಾರಿ ಸಾಹೇಬರು ಬಂದು ಅವರ ಗೋದಾಮಿನ ಬೀಗ ತೆಗೆಸಿದರು. ಮಾಡಿನವರೆಗೆ ತೊಗರಿ ಚೀಲ. ಇದೇನ್ರಿ ಅಂತ ಕೇಳಿದ್ದಕ್ಕೆ ಸಾಹುಕಾರರು ಕೈ ಮುಗಿದು, "ನಾ ಒಬ್ಬನ ಕಾಣ್ತೇನೇನ್ರಿ ನಿಮಗ? ಮೊದಲ ಜಪಾನಕ್ಕ ಹೋಗ್ರಿ" ಅಂದರಂತೆ.

ಔರಾದದ ಮಂಗಲ

ಔರಾದದಲ್ಲಿ ನಮ್ಮ ವೈರ್ ಇದ್ದದ್ದು ಒಂದೇ ಓಣಿಗೆ. ಅದು ಶ್ರಾವಣ ಬಂತೆಂದರೆ ಪುರಾಣ ಹಚ್ಚಿಸಿ, ಕೊನೆಯ ದಿನ ಆರತಿ ಬೆಳಗಿ ಮಂಗಲ ಮಾಡುವ ಓಣಿ. ಅಲ್ಲಿನ ಹಿರಿಯರೊಬ್ಬರಿಗೆ, ಏನ್ ಮಾಡೋದ್ರಿ ಯಪ್ಪಾ, ಮಂಗಲ ಆಗದೆ ಕಥಿ ನಿಂತದ ಅಂದೆ. ಅಂದದ್ದೇ ತಪ್ಪಾಯಿತು.

"ಮಂಗಲ ಮಾಡದೆ ಪುರಾಣ ನಿಲ್ಸಿದ್ರ ಮಳಿ ಹ್ಯಾಂಗ ಬರ್ತದೋ ತಮ್ಮಾ? ಈಗ ತಿಳೀತು ನೋಡು," ಅಂದರು ಹಿರಿಯರು.

ಬರಗಾಲಕ್ಕೆ ಕೊನೆಗೂ ಒಂದು ಕಾರಣ ಸಿಕ್ಕಿತ್ತು. ಸೋಮವಾರ ಇಡೀ ಓಣಿ ಹಿರಿಯರ ಪಡಸಾಲೆಯಲ್ಲಿ ಕೂಡಿತು. ಟಿವಿಗೆ ವಿಭೂತಿ, ಹೂವಿನ ಹಾರ. ಹೆಣ್ಣುಮಕ್ಕಳು ಆರತಿ ಹಾಡಿದರು. ಹಿರಿಯರು ಟಿವಿಯ ನೆತ್ತಿಯ ಮೇಲೇ ತೆಂಗಿನಕಾಯಿ ಒಡೆದು, ನೀರು ಅದರ ಮೇಲೆಯೇ ಬಿಟ್ಟರು. ಒಳಗೆ ಚಟ್ ಅಂದಿತು, ಹೊಗೆ ಎದ್ದಿತು. ದೇವರು ಒಪ್ಪಿಕೊಂಡ ಅಂತ ಎಲ್ಲರೂ ಕೈ ಮುಗಿದರು.

ಆ ವರ್ಷ ಆ ಓಣಿಯಲ್ಲಿ ಬಿದ್ದ ನೀರು ಅಷ್ಟೇ.

ಖರೆ ಮಾತು

ಅಷ್ಟರಲ್ಲಿ ಚಾನೆಲ್ಲಿನ ಏಜೆಂಟ್ ಬಂದು ನಿಜವಾದ ಕಾರಣ ಹೇಳಿದ. ಜಪಾನದಲ್ಲಿ ಒಬ್ಬ ಮನುಷ್ಯ ವಾರಕ್ಕಿಷ್ಟು ಅಂತ ಈ ಕಥೆಯನ್ನು ಚಿತ್ರದ ಪುಸ್ತಕವಾಗಿ ಬರೆಯುತ್ತಾನೆ. ಟಿವಿಯವರು ಅದನ್ನು ನೋಡಿ ಕಾರ್ಟೂನು ಮಾಡುತ್ತಾರೆ. ಓಡಿ ಓಡಿ ಟಿವಿಯವರು ಅವನು ಬರೆದಿದ್ದ ಕೊನೆಯ ಪುಟಕ್ಕೇ ಬಂದು ಮುಟ್ಟಿಬಿಟ್ಟಿದ್ದರು. ಗವಿಯ ಬಾಗಿಲ ಹಿಂದೆ ಏನಿದೆ ಅಂತ ಬರೆಯುವವನಿಗೇ ಇನ್ನೂ ಹೊಳೆದಿಲ್ಲ. ಅವನು ಒಂದಿಷ್ಟು ಮುಂದೆ ಹೋಗಲಿ ಅಂತ ನಿಲ್ಲಿಸಿದ್ದಾರೆ, ಮತ್ತೆ ಶುರು ಮಾಡುತ್ತಾರೆ.

ನನಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಇನ್ನು ಸುಳ್ಳು ಬೇಕಿಲ್ಲ ಅಂತ ಮೂರೂ ಊರಿಗೆ ಹೋಗಿ ಖರೆ ಹೇಳಿದೆ.

ಖಾಲಾ ಬಾಯಿ ಮೇಲೆ ಬೆರಳಿಟ್ಟುಕೊಂಡರು. ಬಡವರ ಹೊಟ್ಟೆಪಾಡನ್ನೂ ಸುಳ್ಳು ಅಂತೀಯಲ್ಲ, ನಿನಗೆ ಚಹಾ ಬೇರೆ ಕುಡಿಸಿದೆ ಅಂದರು. ಮಾಲು ಇಲ್ಲದೆ ಯಾವ ಹುಚ್ಚ ಅಂಗಡಿ ತೆರೆಯುತ್ತಾನೆ ಅಂತ ಸಾಹುಕಾರರು ವರ್ಷದ ಬಾಡಿಗೆ ವಾಪಸ್ ಕೇಳಿದರು. ಔರಾದದ ಹಿರಿಯರು ಸುಟ್ಟ ಟಿವಿಯನ್ನು ಗಾಡಿಯಲ್ಲಿ ಹೇರಿಕೊಂಡು ಆಫೀಸಿಗೇ ಬಂದರು. "ಬಿತ್ತಲಾರದ ಹೊಲದಾಗ ರಾಶಿ ಮಾಡಾಕ ಕೂಡ್ತಾರೇನೋ? ಹೇಳಿದ್ರ ನಂಬೋ ಹಂಗ ಹೇಳಬೇಕು."

ಮೂರು ದಿನದಲ್ಲಿ ಮೂರೂ ಊರಿನ ಕನೆಕ್ಷನ್ ಕಳಚಿ ಬಿದ್ದವು. ಮಾಲಕ ತಲೆ ಮೇಲೆ ಕೈ ಹೊತ್ತು ಕೂತಿದ್ದ.

"ಸುಳ್ಳು ಹೇಳಿದಾಗ ಒಂದ ಮನಿ ಸುದ್ದಾ ಹೋಗಿದ್ದಿಲ್ಲ," ಅಂದ. "ಖರೆ ಹೇಳಂತ ನಿನಗ ಯಾರ್ ಹೇಳಿದ್ರೋ?"

ತುಂಬಿದ ಡಬ್ಬಿ

ಕೋಣೆಯಲ್ಲಿ ಗಂಟು ಕಟ್ಟಿದೆ. ಎರಡು ಅಂಗಿ, ಒಂದು ಲುಂಗಿ, ಕಟಿಂಗ್ ಪ್ಲೇಯರ್. ಬೀಗದ ಕೈ ಕೊಡಲು ಕೆಳಗೆ ಇಳಿದೆ. ಮಾಸ್ತರರು ಅಂಗಳದಲ್ಲಿ ಹಗ್ಗದ ಮಂಚದ ಮೇಲೆ ಕೂತಿದ್ದರು. ಹೊಂಟಿಯೇನು ಅಂದರು. ಹೌದ್ರಿ ಅಂದೆ. ಹೋಗುವ ಮುಂದೆ ಅವರಿಗೂ ಖರೆ ಕಾರಣ ಹೇಳಿಬಿಟ್ಟೆ. ಇನ್ನು ಕಳೆದುಕೊಳ್ಳುವುದು ಏನಿತ್ತು?

ಮಾಸ್ತರರು ಒಂದು ಮಾತು ಎದುರಾಡಲಿಲ್ಲ.

"ನಂಬ್ತೇನಪಾ," ಅಂದರು. "ನಾನೂ ಹಂಗ ಮಾಡ್ತಿದ್ದೆ. ಮುಂದಿನ ಪಾಠಾ ಓದ್ಕೊಂಡು ಬಂದಿರ್ಲಿಲ್ಲಂದ್ರ, ಯಾವನರ ಒಬ್ಬನ್ನ ಚಾಕ್‌ಪೀಸ್ ತರಾಕ ಕಳ್ಸಿ, ಅವ ಬರೋತನಕ ಓದ್ಕೋತಿದ್ದೆ. ನಿನ್ನ ಕಳ್ಸಿದ ದಿನಾ ಡಬ್ಬಿ ತುಂಬ ಚಾಕ್‌ಪೀಸ್ ಇತ್ತು."

ನನ್ನ ಕೈ ಗಡ್ಡಕ್ಕೆ ಹೋಯಿತು. ಮೊದಲ ದಿನವೇ ಗುರುತು ಹಿಡಿದಿದ್ದರಂತೆ. ಕೇಳಿದರೆ ಮತ್ತೆ ಓಡೀಯ ಅಂತ ಸುಮ್ಮನಿದ್ದರಂತೆ.

ಗಂಟು ಹೆಗಲಿಗೇರಿಸಿ ಕೇಳಿದೆ, "ಮತ್ತ ಆ ಪಾಠಾ ಓದಿ ಮುಗಿಸಿದ್ರೇನ್ರಿ ಸರ್?"

"ಎಲ್ಲಿ ಮುಗೀತದ?" ಅಂದರು ಮಾಸ್ತರರು, ಬೀಗದ ಕೈ ಜೇಬಿಗೆ ಇಳಿಸುತ್ತ. "ನೀ ಇನ್ನಾ ಬಂದೇ ಇಲ್ಲಲ್ಲ."