ಟ್ಯೂನರ್ ಕಾರ್ಡಿಗೆ ಸಿಗದ ಹಾಡು

ಅಭಿಪ್ರಾಯ ಕೊಡುವುದೂ ಒಂದು ಚಟವೇ. ಸಿಗರೇಟು, ಇಸ್ಪೀಟುಗಳಿಗಾದರೆ ಮನೆಯವರು ಅಡ್ಡ ಬರುತ್ತಾರೆ. ಇದಕ್ಕೆ ವಾಸನೆಯಿಲ್ಲ, ಬೂದಿ ಉದುರುವುದಿಲ್ಲ, ಹಾಗಾಗಿ ಯಾರೂ ತಡೆಯುವುದಿಲ್ಲ. ರಾಜಾಜಿನಗರದ ಒಂದು ವಿಮಾ ಕಚೇರಿಯ ಲೆಕ್ಕಪತ್ರ ವಿಭಾಗದಲ್ಲಿ ಕೂರುವ ನನಗೆ ಈ ಚಟ ಅಂಟಿಕೊಂಡದ್ದು ಕಂಪ್ಯೂಟರುಗಳು ಮನೆಗಳಿಗೆ ಬರತೊಡಗಿದ ಕಾಲದಲ್ಲಿ. ಡಿವಿಡಿ ಪ್ಲೇಯರು, ಹೋಮ್ ಥಿಯೇಟರು, ಸಿಡಿ ರೈಟರು, ಎಲ್ಲದರಲ್ಲೂ ಅತ್ಯಂತ ಅಗ್ಗದ್ದು ಯಾವುದೋ ಅದನ್ನು ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಹುಡುಕಿ ತರುವುದು, ಬಿಚ್ಚುವುದು, ಜೋಡಿಸುವುದು, ಉಳಿದುಹೋದ ಸ್ಕ್ರೂಗಳನ್ನು ಅಮ್ಮನ ಕಣ್ಣಿಗೆ ಬೀಳದ ಹಾಗೆ ಜೇಬಿಗೆ ಹಾಕಿಕೊಳ್ಳುವುದು, ಆಮೇಲೆ ಅದರ ಬಗ್ಗೆ ಊರಿಗೆಲ್ಲ ಅಭಿಪ್ರಾಯ ಹೇಳುವುದು. ನನ್ನ ಅಭಿಪ್ರಾಯಗಳೆಲ್ಲ ಪ್ರಾಮಾಣಿಕವಾದವು. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ. ಪ್ರಾಮಾಣಿಕ ಅಭಿಪ್ರಾಯ ಸರಿಯಾದ ಅಭಿಪ್ರಾಯವೂ ಆಗಿರಬೇಕೆಂಬ ನಿಯಮ ಎಲ್ಲಿಯೂ ಇಲ್ಲ, ಅಷ್ಟೆ.

ಹೋಮ್ ಥಿಯೇಟರನ್ನೇ ತೆಗೆದುಕೊಳ್ಳಿ. ಐದು ಸ್ಪೀಕರು, ಒಂದು ದೊಡ್ಡ ಡಬ್ಬ. ಎರಡು ಸ್ಪೀಕರುಗಳು ನೋಡುವವರ ಬೆನ್ನ ಹಿಂದೆ ಇರಬೇಕೆಂದು ಅದರ ಪುಸ್ತಕದಲ್ಲಿ ಚಿತ್ರ ಸಮೇತ ಬರೆದಿತ್ತು. ಹೊಸಹಳ್ಳಿಯ ನಮ್ಮ ಬಾಡಿಗೆ ಮನೆಯ ಹಾಲಿನಲ್ಲಿ ಸೋಫಾದ ಬೆನ್ನ ಹಿಂದೆ ಇರುವುದು ಗೋಡೆ ಮಾತ್ರ. ಹಾಗಾಗಿ ಒಂದನ್ನು ಚಪ್ಪಲಿ ಗೂಡಿನ ಮೇಲಿಟ್ಟೆ, ಇನ್ನೊಂದನ್ನು ದೇವರ ಮನೆಯ ಬಾಗಿಲ ಮೇಲಕ್ಕೆ ಕಟ್ಟಿದೆ. ಸಿನಿಮಾದಲ್ಲಿ ಖಳನಾಯಕ ಹಿಂದಿನಿಂದ ಬಂದು ನಕ್ಕರೆ ಆ ನಗು ದೇವರ ಮನೆಯೊಳಗಿಂದ ಹೊರಡುತ್ತಿತ್ತು. ಒಂದು ಸಂಜೆ ಅಮ್ಮ ವಿಭೂತಿ ತಟ್ಟೆಯನ್ನು ಹಾಗೆಯೇ ಕೆಳಗಿಟ್ಟು ಹೊರಗೆ ಬಂದು, “ಒಳಗೆ ಯಾರೋ ಇದಾರೆ ಕಣೋ” ಎಂದರು. ಇನ್ನು ಯುಪಿಎಸ್. ಕರೆಂಟು ಹೋದಾಗ ಕಂಪ್ಯೂಟರನ್ನು ಸ್ವಲ್ಪ ಹೊತ್ತು ಉಳಿಸಬೇಕಾದದ್ದು ಅದರ ಧರ್ಮ. ನಾನು ತಂದದ್ದು ಕರೆಂಟು ಹೋಯಿತೆಂದು ಬೀದಿಗೆಲ್ಲ ಕೇಳಿಸುವಂತೆ ಕಿರುಚಿ ತಾನೂ ಹೋಗಿಬಿಡುತ್ತಿತ್ತು. ಆದರೂ ಕಚೇರಿಯಲ್ಲಿ ಯಾರಾದರೂ ಕೇಳಿದರೆ, “ಆ ಬೆಲೆಗೆ ಒಳ್ಳೇ ಐಟಮ್ಮು ಸಾರ್” ಎಂದೇ ಹೇಳುತ್ತಿದ್ದೆ. ‘ಆ ಬೆಲೆಗೆ’ ಎಂಬ ಎರಡು ಪದಗಳ ಹಿಂದೆ ಎಂತೆಂಥ ಸಂಕಟಗಳು ಅಡಗಿ ಕೂರಬಲ್ಲವು ಎಂಬುದು ಕೊಂಡವನಿಗೇ ಗೊತ್ತು.

ಈ ಸಂಕಟಗಳಲ್ಲೆಲ್ಲ ದೊಡ್ಡದು ಟಿವಿ ಟ್ಯೂನರ್ ಕಾರ್ಡು. ಹಸ್ತದಗಲದ ಒಂದು ಹಸಿರು ಹಲಗೆ. ಇದನ್ನು ಕಂಪ್ಯೂಟರಿನ ಹೊಟ್ಟೆಯೊಳಗೆ ಸಿಕ್ಕಿಸಿ ಕೇಬಲ್ ವೈರನ್ನು ಕೊಟ್ಟರೆ ಕಂಪ್ಯೂಟರೇ ಟಿವಿಯಾಗುತ್ತದೆ. ಕಾರ್ಯಕ್ರಮಗಳನ್ನು ರೆಕಾರ್ಡು ಕೂಡ ಮಾಡಿಕೊಳ್ಳಬಹುದು. ಇಷ್ಟು ಕೇಳಿದ್ದೇ ತಡ, ಮನೆಯಲ್ಲಿ ಪ್ರತ್ಯೇಕ ಟಿವಿ ಇಟ್ಟುಕೊಳ್ಳುವುದು ದಡ್ಡತನ ಎಂಬ ಪ್ರಾಮಾಣಿಕ ಅಭಿಪ್ರಾಯ ನನ್ನಲ್ಲಿ ಮೊಳೆಯಿತು. ನಮ್ಮ ಮದುವೆಯಲ್ಲಿ ಮಾವನವರು ಕೊಟ್ಟಿದ್ದ ಹಳೆಯ ಟಿವಿಯನ್ನು ಎಕ್ಸ್‌ಚೇಂಜಿಗೆ ಕೊಟ್ಟು ದೊಡ್ಡ ಮಾನಿಟರು ತಂದೆ. ಆ ಟಿವಿಯನ್ನು ಆಟೋಗೆ ಹತ್ತಿಸುವಾಗ ನನ್ನ ಹೆಂಡತಿ ಶೈಲಾ ಅದರ ಗಾಜನ್ನು ಸೆರಗಿನಿಂದ ಒರೆಸಿದಳು. ಕೊಟ್ಟುಬಿಡುವ ವಸ್ತುವನ್ನು ಯಾಕೆ ಒರೆಸುತ್ತೀಯೆ ಎಂದು ನಾನು ನಕ್ಕಿದ್ದೆ.

ಅಂದಿನಿಂದ ನಮ್ಮ ಮನೆಯಲ್ಲಿ ಟಿವಿ ನೋಡುವುದೆಂದರೆ ರೈಲು ಹೊರಡಿಸಿದಂತಾಯಿತು. ಯುಪಿಎಸ್ ಒತ್ತಬೇಕು, ಅದರ ಕಿರುಚಾಟ ನಿಲ್ಲುವವರೆಗೆ ಕಾಯಬೇಕು, ಕಂಪ್ಯೂಟರು ಎದ್ದು ಕಣ್ಣುಜ್ಜಿಕೊಳ್ಳುವವರೆಗೆ ಕಾಯಬೇಕು, ಮೌಸ್ ಹಿಡಿದು ಮೂಲೆಯ ಚಿತ್ರವೊಂದನ್ನು ಎರಡು ಸಲ ಕುಟ್ಟಬೇಕು. ಅಷ್ಟಾಗಿ ಟಿವಿ ಬಂದರೆ ಅಮ್ಮನ ಧಾರಾವಾಹಿಯ ಸೊಸೆಯ ಕಣ್ಣೀರು ಚೌಕ ಚೌಕವಾಗಿ ಇಳಿಯುತ್ತಿತ್ತು. “ಮೊದ್ಲು ಗುಂಡಿ ಒತ್ತಿದ್ರೆ ಬರ್ತಿತ್ತಲ್ಲೋ?” ಎಂದು ಅಮ್ಮ ಕೇಳಿದರು. “ಇದ್ರಲ್ಲಿ ರೆಕಾರ್ಡ್ ಮಾಡ್ಬೋದಮ್ಮ” ಎಂದೆ. “ಬರೋದೇ ಇಲ್ದಿದ್ರೆ ಏನ್ ರೆಕಾರ್ಡ್ ಮಾಡ್ತೀಯೋ?” ಎಂದರು. ಇಂಥ ಪ್ರಶ್ನೆಗಳಿಗೆ ಅದರ ಪುಸ್ತಕದಲ್ಲಿ ಉತ್ತರವಿರಲಿಲ್ಲ.

ಇಷ್ಟಕ್ಕೇ ನಿಂತಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

ಶೈಲಾ ಚೆನ್ನಾಗಿ ಹಾಡುತ್ತಾಳೆ. ಮದುವೆಗೆ ಮುಂಚೆ ಸಂಗೀತ ಕಲಿತಿದ್ದಳು. ಮದುವೆಯ ನಂತರ ಅಡುಗೆಮನೆಯಲ್ಲಿ, ಅದೂ ಮಿಕ್ಸಿ ಓಡುವಾಗ ಮಾತ್ರ ಹಾಡುತ್ತಿದ್ದಳು. ಬಸವೇಶ್ವರನಗರದ ಒಬ್ಬರ ಮನೆಯಲ್ಲಿ ಸೇರುವ ಹೆಂಗಸರ ಹಾಡಿನ ಗುಂಪಿಗೆ ಅವಳು ಹೋಗತೊಡಗಿದ್ದು ಆ ವರ್ಷವೇ. ಆ ಗುಂಪನ್ನು ಒಂದು ಟಿವಿ ಚಾನೆಲ್ಲಿನವರು ಕರೆದು ಹಾಡಿಸಿದರು. ಉಳಿದವರೆಲ್ಲ ಒಟ್ಟಾಗಿ ಹಾಡಿದರೆ ಶೈಲಾಗೆ ಒಂದು ಹಾಡು ಪೂರ್ತಿ ಒಬ್ಬಳಿಗೇ ಸಿಕ್ಕಿತು. ಯಾವ ಹಾಡು ಎಂದು ನಮ್ಮಲ್ಲಿ ಯಾರಿಗೂ ಹೇಳಲಿಲ್ಲ. “ಟಿವೀಲೇ ಕೇಳಿ” ಎಂದಳು. ಆ ವಾರವೆಲ್ಲ ಅವಳ ನಡಿಗೆಯೇ ಬೇರೆಯಾಗಿತ್ತು. ಭಾನುವಾರ ಬೆಳಿಗ್ಗೆ ಪ್ರಸಾರವೆಂದು ತಿಳಿದ ದಿನ ಕೆಂಗೇರಿಯ ತಮ್ಮನಿಂದ ಹಿಡಿದು ದೂರದ ಚಿಕ್ಕಮ್ಮಂದಿರವರೆಗೆ ಎಲ್ಲರಿಗೂ ಫೋನು ಮಾಡಿ ಹೇಳಿದಳು.

ಆಮೇಲೆ ನನ್ನ ಹತ್ತಿರ ಬಂದು ಮೆಲ್ಲಗೆ, “ರೀ, ಎದುರುಮನೆ ಜಯಮ್ಮ ಆಂಟಿ ಮನೇಲಿ ನೋಡೋಣ್ವಾ? ಅವ್ರ ಟಿವಿ ಚೆನ್ನಾಗಿ ಬರುತ್ತೆ” ಎಂದಳು.

ನನಗೆ ಅವಮಾನವಾಯಿತು. “ಜಯಮ್ಮ ಆಂಟೀನೇ ಇಲ್ಲಿಗೆ ಬರ್ಲಿ. ಅವ್ರ ಟಿವೀಲಿ ನೋಡಿದ್ರೆ ನೋಡಿದಷ್ಟೇ. ನಾನು ರೆಕಾರ್ಡ್ ಮಾಡಿ ಸಿಡಿ ಮಾಡಿ ನಿಮ್ಮನೆಯವ್ರಿಗೆಲ್ಲ ಒಂದೊಂದು ಕೊಡ್ತೀನಿ ಕಣೇ.”

“ಭಾನುವಾರ ಕೈಕೊಡಲ್ಲ ತಾನೇ?”

“ಟೈಮರ್ ಇದೆ. ಅದೇ ಶುರುವಾಗುತ್ತೆ, ಅದೇ ನಿಲ್ಲುತ್ತೆ. ನಾವು ಮುಟ್ಟೋದೇ ಬೇಡ.”

ಇನ್ನೊಂದು ಕಾರಣವೂ ಇತ್ತು. ಜಯಮ್ಮನವರ ಮನೆ ಮಹಡಿಯಲ್ಲಿ. ಅಮ್ಮನಿಗೆ ಮಂಡಿನೋವು, ಮೆಟ್ಟಿಲು ಹತ್ತಲಾರರು. ಸೊಸೆ ಹಾಡುವುದನ್ನು ಅಮ್ಮ ನೋಡಬೇಡವೇ ಎಂದೆ. ಶೈಲಾ ಒಪ್ಪಿದಳು.

ಶನಿವಾರ ಪರೀಕ್ಷೆ ಮಾಡಿದೆ. ಒಂದನ್ನು ಬಿಟ್ಟು ಎಲ್ಲವೂ ಸರಿಯಾಗಿತ್ತು. ಅದೇ ಚಾನೆಲ್ಲಿನಲ್ಲಿ ಒಬ್ಬರು ಹಾಗಲಕಾಯಿ ಗೊಜ್ಜು ಮಾಡುತ್ತಿದ್ದರು. ಅದನ್ನು ರೆಕಾರ್ಡು ಮಾಡಿ ಅಮ್ಮನಿಗೆ ತೋರಿಸಿದೆ. ಸೌಟು ಅಲ್ಲಾಡುವುದು ಕಾಣಿಸಿತು. ಮಾತು ಕೇಳಿಸಲಿಲ್ಲ. ಯಾವುದೋ ಆಯ್ಕೆ ತಪ್ಪಿದೆಯೆಂದು ಸೌಂಡಿನ ಜಾಗಕ್ಕೆ ಹೋಗಿ ಒಂದನ್ನು ತೆಗೆದು ಇನ್ನೊಂದಕ್ಕೆ ಗುರುತು ಹಾಕಿದೆ. ಅಷ್ಟರಲ್ಲಿ ಕರೆಂಟು ಹೋಯಿತು.

ಭಾನುವಾರ ಬೆಳಿಗ್ಗೆ ನಮ್ಮ ಹಾಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಜಯಮ್ಮ ಆಂಟಿ ಗಂಡನೊಂದಿಗೆ ಬಂದು ಮುಂದೆಯೇ ಕೂತರು. ಪಕ್ಕದ ಮನೆಯವರು, ಹಾಡಿನ ಗುಂಪಿನ ಇಬ್ಬರು ಹೆಂಗಸರು ಕೂಡ ಬಂದಿದ್ದರು. ಶೈಲಾ ಟಿವಿಯಲ್ಲಿ ಉಟ್ಟಿದ್ದ ಸೀರೆಯನ್ನೇ ಉಟ್ಟು ಅಮ್ಮನ ಪಕ್ಕ ನಿಂತಿದ್ದಳು. ಸಮಯ ಆಗುತ್ತಿದ್ದಂತೆ ಟೈಮರು ನಾನು ಹೇಳಿದ್ದ ಹಾಗೆ ತಾನಾಗಿಯೇ ಶುರುವಾಯಿತು. ಪರದೆಯ ಮೂಲೆಯಲ್ಲಿ ಕೆಂಪು ಚುಕ್ಕೆ ಬೆಳಗಿತು. ಉಳಿದ ಪರದೆಯ ತುಂಬ ರಾಗಿ ಹಿಟ್ಟು ಜರಡಿ ಹಿಡಿದಂತೆ ಚುಕ್ಕೆಗಳು.

“ಇದೇನಾ?” ಎಂದರು ಜಯಮ್ಮನ ಗಂಡ.

ಕೇಬಲ್ಲಿನವನು ಆ ಬೆಳಿಗ್ಗೆ ಚಾನೆಲ್ಲುಗಳ ಜಾಗ ಬದಲಾಯಿಸಿದ್ದ. ಅದು ನನಗೆ ಗೊತ್ತಾದದ್ದು ಸಂಜೆ. ಮಾಮೂಲಿ ಟಿವಿಯಾಗಿದ್ದರೆ ರಿಮೋಟಿನಲ್ಲಿ ನಾಲ್ಕಾರು ಸಲ ಮುಂದಕ್ಕೆ ಒತ್ತಿದರೆ ಸಿಗುತ್ತಿತ್ತು. ನಾನೂ ಮುಂದಕ್ಕೆ ಒತ್ತಿದೆ. ರೆಕಾರ್ಡಿಂಗ್ ನಡೆಯುತ್ತಿದೆ, ಈಗ ಚಾನೆಲ್ ಬದಲಾಯಿಸುವಂತಿಲ್ಲ ಎಂದು ಪರದೆಯ ಮೇಲೆ ಬಂತು. ರೆಕಾರ್ಡಿಂಗ್ ನಿಲ್ಲಿಸಲು ಒತ್ತಿದೆ. ಮೌಸಿನ ಬಾಣ ಮರಳು ಗಡಿಯಾರವಾಗಿ ನಿಂತುಬಿಟ್ಟಿತು.

“ನಮ್ಮನೇಲಿ ನೋಡೋಣ ಬನ್ರೀ” ಎಂದರು ಜಯಮ್ಮ ಆಂಟಿ.

“ಎರಡೇ ನಿಮಿಷ ಆಂಟಿ. ವೈರ್ ಲೂಸಾಗಿರ್ಬೇಕು” ಎಂದು ನಾನು ಮೇಜಿನ ಕೆಳಗೆ ತೂರಿದೆ.

ಮೇಜಿನ ಕೆಳಗಿನ ಲೋಕದಲ್ಲಿ ಧೂಳು, ವೈರುಗಳು ಮತ್ತು ಕಂಪ್ಯೂಟರಿನ ಫ್ಯಾನಿನ ಭರ್ರೆನ್ನುವ ಸದ್ದು. ಆಚೆ ಕಾಣುವುದು ಕಾಲುಗಳು ಮಾತ್ರ. ಟ್ಯೂನರಿಗೆ ಬರುವ ಒಂದೊಂದೇ ವೈರು ಕಿತ್ತು, ಊದಿ, ಮತ್ತೆ ಸಿಕ್ಕಿಸಿದೆ. ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಯಾರೋ ರಿಸೀವರನ್ನು ಮೇಜಿನ ಕೆಳಕ್ಕೆ ನನ್ನ ಕೈಗೇ ಕೊಟ್ಟರು. ಕೆಂಗೇರಿಯಿಂದ ಭಾವಮೈದುನ ನಾಗೇಶ.

“ಭಾವಾ, ಅಕ್ಕ ಎಷ್ಟ್ ಚೆನ್ನಾಗ್ ಕಾಣ್ತಿದಾಳೆ! ಈಗ ಅವಳದ್ದೇ ಹಾಡು ಶುರುವಾಯ್ತು, ನೋಡ್ತಿದೀರಾ?”

“ಇಲ್ಲಿ ಸ್ವಲ್ಪ ಸಿಗ್ನಲ್ ಪ್ರಾಬ್ಲಮ್ಮು.”

“ಅಯ್ಯೋ! ಇರಿ, ರಿಸೀವರ್ನ ಟಿವಿ ಹತ್ರ ಹಿಡೀತೀನಿ, ಕೇಳ್ಸ್ಕೊಳ್ಳಿ. ಅತ್ತೆಗೂ ಕೇಳ್ಸಿ.”

ನಾನು ಆ ಕ್ಷಣದಲ್ಲಿ ಹೇಳಿದ ಮಾತನ್ನು ಅಳಿಸಲು ಸಾಧ್ಯವಿದ್ದರೆ ನನ್ನ ಬಳಿಯಿರುವ ಎಲ್ಲ ಯಂತ್ರಗಳನ್ನೂ ಕೊಟ್ಟುಬಿಡುತ್ತೇನೆ. “ಬೇಡ ನಾಗೇಶ, ಫೋನಲ್ಲಿ ಸೌಂಡ್ ಕ್ವಾಲಿಟಿ ಇರಲ್ಲ” ಎಂದು ರಿಸೀವರು ಇಟ್ಟೆ.

ಜಯಮ್ಮ ಆಂಟಿಯ ತಾಳ್ಮೆ ಮುಗಿದಿತ್ತು. “ಬನ್ನಿ ಬನ್ನಿ, ಉಳಿದಿದ್ದಾದ್ರೂ ನೋಡೋಣ” ಎಂಬ ಕೂಗಿನೊಂದಿಗೆ ಕಾಲುಗಳು ದಡದಡನೆ ಹೊರಟವು. ಶೈಲಾ ಹೋದಳೋ ಇಲ್ಲವೋ ನಾನು ನೋಡಲಿಲ್ಲ. ಹೋಗಲಿ, ಅಷ್ಟರಲ್ಲಿ ಸರಿಮಾಡಿ ಅಮ್ಮನಿಗಾದರೂ ತೋರಿಸುತ್ತೇನೆಂದು ಹಲ್ಲು ಕಚ್ಚಿ ಟ್ಯೂನರಿನ ಬಾಯಿಗೆ ವೈರನ್ನು ತಿರುವಿದೆ, ಕುಟ್ಟಿದೆ, ಬೈದೆ. ಕೊನೆಗೆ ಬೆವರಿನಲ್ಲಿ ಧೂಳು ಕಲಸಿದ ಮುಖ ಹೊತ್ತು ಹೊರಗೆ ಬಂದಾಗ ಪರದೆಯ ಮೇಲೆ ಹೊಸ ಸಂದೇಶವೊಂದು ಕಾದಿತ್ತು. ರೆಕಾರ್ಡಿಂಗ್ ಯಶಸ್ವಿಯಾಗಿ ಮುಗಿದಿದೆ ಎಂದು.

ಎದುರುಮನೆಯಿಂದ ಎಲ್ಲರೂ ಹಿಂತಿರುಗಿದರು. ಅವರಿಗೆ ಸಿಕ್ಕಿದ್ದು ಹಾಡಿನ ಕಡೆಯ ಸಾಲು ಮತ್ತು ಶೈಲಾ ಕೈಮುಗಿದದ್ದು. “ಕೈ ಮುಗಿದಿದ್ದು ಬಹಳ ಚೆನ್ನಾಗಿತ್ತು ಕಣೇ” ಎಂದರು ಜಯಮ್ಮ ಆಂಟಿ, ನಿಜವಾಗಿ ಸಮಾಧಾನ ಹೇಳುವ ಹಾಗೆ. ಅಡುಗೆಮನೆಯಿಂದ ಶೈಲಾ ಎಲ್ಲರಿಗೂ ಕಾಫಿ ತಂದಳು. ನನಗೂ ಕೊಟ್ಟಳು. ಅವಳು ಬೈಯುತ್ತಾಳೆಂದು ಕಾಯುತ್ತಿದ್ದೆ. “ಪರವಾಗಿಲ್ಲ ಬಿಡಿ” ಎಂದಳು. ಮದುವೆಯಾದವರಿಗೆ ಗೊತ್ತು, ಈ ಎರಡು ಪದಗಳ ಮುಂದೆ ಎಂಥ ಬೈಗುಳವೂ ಮಂಗಳಾರತಿಯಂತೆ.

ಸೋಮವಾರ ಚಾನೆಲ್ಲಿನವರಿಗೆ ಫೋನು ಮಾಡಿ ಒಂದು ಪ್ರತಿ ಕೊಡಿ ಎಂದು ಬೇಡಿಕೊಂಡೆ. “ಪ್ರತಿ ಎಲ್ಲ ಕೊಡಲ್ಲ ಸಾರ್. ಮತ್ತೆ ಯಾವಾಗಾದ್ರೂ ಹಾಕ್ದಾಗ ನೋಡ್ಕೊಳ್ಳಿ” ಎಂದರು. ಯಾವಾಗ ಎಂದರೆ ಹೇಳಲಾಗುವುದಿಲ್ಲವಂತೆ. ನಾಗೇಶನ ಮನೆಯಲ್ಲಿ ರೆಕಾರ್ಡು ಮಾಡುವ ಸಲಕರಣೆಯಿಲ್ಲ. ಅದನ್ನು ಕೊಳ್ಳಬೇಕಾಗಿಲ್ಲ, ನಾನೇ ಸಿಡಿ ಕೊಡುತ್ತೇನೆಂದು ಹೇಳಿದ್ದು ನಾನೇ. ಆ ವಾರವೆಲ್ಲ ಶೈಲಾ ಅಡುಗೆಮನೆಯಲ್ಲಿ ಮಿಕ್ಸಿ ಓಡಿಸಿದಳು, ಹಾಡಲಿಲ್ಲ. ಕಚೇರಿಯಲ್ಲಿ ಒಬ್ಬರು ಟ್ಯೂನರ್ ಕಾರ್ಡು ಹೇಗೆ ಎಂದು ಕೇಳಿದರು. ನಾನು ಕ್ಯಾಲ್ಕ್ಯುಲೇಟರಿನಲ್ಲಿ ಏನೋ ಒತ್ತುತ್ತ ಕೂತೆ.

ಮುಂದಿನ ಶನಿವಾರ ಮಧ್ಯಾಹ್ನ ಕಂಪ್ಯೂಟರಿನಲ್ಲಿ ಜಾಗ ಖಾಲಿಯಿಲ್ಲವೆಂಬ ದೂರು ಬಂತು. ಆ ಜರಡಿ ಹಿಡಿದ ರೆಕಾರ್ಡಿಂಗು ಅರ್ಧ ಜಾಗ ನುಂಗಿ ಕೂತಿತ್ತು. ಅಳಿಸುವ ಮೊದಲು ಒಮ್ಮೆ ನೋಡೋಣವೆಂದು ಹಾಕಿದೆ. ಪರದೆಯ ತುಂಬ ಚುಕ್ಕೆಗಳು. ಆದರೆ ಸ್ಪೀಕರಿನಿಂದ, “ಇದೇನಾ?” ಎಂದು ಜಯಮ್ಮನ ಗಂಡ ಕೇಳಿದರು.

ಬೆಚ್ಚಿಬಿದ್ದೆ. ಹಿಂದಿನ ಶನಿವಾರ ಕರೆಂಟು ಹೋಗುವ ಮುಂಚೆ ಸೌಂಡಿನ ಜಾಗದಲ್ಲಿ ನಾನು ಗುರುತು ಹಾಕಿದ್ದು ಟಿವಿಗಲ್ಲ, ಮೈಕಿಗೆ. ಕೀಬೋರ್ಡಿನ ಪಕ್ಕ ಬಿದ್ದಿದ್ದ, ಯಾವುದರ ಜೊತೆಗೋ ಪುಕ್ಕಟೆ ಬಂದಿದ್ದ ಪುಟ್ಟ ಮೈಕು ಅಂದು ನಮ್ಮ ಹಾಲಿನಲ್ಲಿ ನಡೆದದ್ದನ್ನೆಲ್ಲ ಕೇಳಿಸಿಕೊಂಡಿತ್ತು. ಫೋನಿನ ಗಂಟೆ, ನಾಗೇಶನಿಗೆ ನಾನು ಕೊಟ್ಟ ಉತ್ತರ, ಓಡುವ ಕಾಲುಗಳು. ಆಮೇಲೆ ಸ್ವಲ್ಪ ಹೊತ್ತು ಫ್ಯಾನಿನ ಸದ್ದು. ಅದರ ನಡುವೆ ಅಮ್ಮನ ದನಿ.

“ನೀನೂ ಹೋಗಮ್ಮ ಶೈಲಾ, ನೋಡ್ಕೊಂಡ್ ಬಾ.”

“ನಿಮ್ಮನ್ನೊಬ್ರನ್ನೇ ಬಿಟ್ಟು ಎಲ್ಲಿ ಹೋಗ್ಲಿ ಅತ್ತೆ. ನಾನ್ ಹಾಡಿದ್ದು ನಂಗೆ ಗೊತ್ತಲ್ಲ.”

“ನಂಗೆ ಗೊತ್ತಿಲ್ವಲ್ಲೇ.”

ಆಮೇಲೆ ಶೈಲಾ ಹಾಡತೊಡಗಿದಳು. ಯಾವ ತಂಬೂರಿಯೂ ಇಲ್ಲದೆ, ಫ್ಯಾನಿನ ಸದ್ದಿನ ಮೇಲೆ, ಅಮ್ಮನೊಬ್ಬರಿಗೆ ಕೇಳಿಸುವಷ್ಟು ದನಿಯಲ್ಲಿ. ನಮ್ಮ ಮದುವೆಯ ಹೊಸದರಲ್ಲಿ ಒಮ್ಮೆ ಕೇಳಿ ನಾನೇ ಬಹಳ ಇಷ್ಟಪಟ್ಟಿದ್ದ ಹಾಡು. ಪಲ್ಲವಿ ಮುಗಿಯಿತು, ಮೊದಲ ಚರಣ ಮುಗಿಯಿತು. ನಾನು ಕುರ್ಚಿಯ ತುದಿಗೆ ಬಂದಿದ್ದೆ. ಎರಡನೆಯ ಚರಣಕ್ಕೆ ಅವಳ ದನಿ ಧೈರ್ಯ ತಂದುಕೊಂಡು ಮೇಲೇರಿತು. ಆಗ ಮೇಜಿನ ಕೆಳಗಿನಿಂದ, ಎಲ್ಲ ಸದ್ದನ್ನೂ ಸೀಳಿಕೊಂಡು, ಕೂಗಿದ್ದು ನನಗೇ ನೆನಪಿಲ್ಲದ ನನ್ನ ಗಂಟಲು ಬಂತು:

“ಸ್ವಲ್ಪ ಸುಮ್ನಿರ್ತೀಯೇನೇ ಶೈಲಾ? ನಿನ್ ಹಾಡು ಹಿಡಿಯಕ್ಕೆ ಇಲ್ಲಿ ಸಾಯ್ತಾ ಇದೀನಿ!”

ಹಾಡು ನಿಂತಿತು. “ಅವನ್ಗೆ ಕೇಳ್ಸ್‌ದಂಗೆ ಮೆಲ್ಲಗೆ ಹೇಳು” ಎಂದರು ಅಮ್ಮ. ಅವಳು ಹೇಳಿರಬೇಕು. ಅಷ್ಟು ಮೆಲ್ಲಗಿನದು ಮೈಕಿಗೆ ಸಿಕ್ಕಿಲ್ಲ. ನಾನು ವೈರು ಕುಟ್ಟುವುದು, ಬೈಯುವುದು ಮಾತ್ರ ಕೊನೆಯವರೆಗೂ ಸಿಕ್ಕಿದೆ.

ಹಿಂದೆ ಯಾರೋ ನಿಂತಂತಾಯಿತು. ತಿರುಗಿದರೆ ಶೈಲಾ, ಕೈಯಲ್ಲಿ ಒಣಗಿದ ಬಟ್ಟೆಗಳ ರಾಶಿ. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಎದ್ದು ನಿಂತು ಏನಾದರೂ ಹೇಳಬೇಕೆಂದುಕೊಂಡೆ. ಅಭಿಪ್ರಾಯಗಳಿಗೆ ಎಂದೂ ಬರಗಾಲವಿಲ್ಲದ ನಾನು ಸ್ಪೀಕರಿನ ಸದ್ದು ತಗ್ಗಿಸುವ ಗುಂಡಿ ಹುಡುಕಿದೆ. ಅವಳು ಚುಕ್ಕೆಗಳ ಪರದೆಯನ್ನು ಸ್ವಲ್ಪ ಹೊತ್ತು ನೋಡಿದಳು.

“ನಿಮ್ಮ ವಾಯ್ಸು ತುಂಬ ಚೆನ್ನಾಗಿ ಬಂದಿದೆ ಕಣ್ರೀ” ಎಂದು ಹೇಳಿ, ಬಟ್ಟೆ ಮಡಿಸಲು ಒಳಗೆ ಹೋದಳು.